ಗಾಳಿಯನ್ನು ದೀಪವಾಗಿಸಿದ ಶಿಕ್ಷಕ: ಪೌಲ್ ಲಾ ಕೂರ್

ವಿಜ್ಞಾನದ ಇತಿಹಾಸದಲ್ಲಿ ಎರಡು ಬಗೆಯ ಮಹನೀಯರು ಕಾಣಸಿಗುತ್ತಾರೆ. ಯಾರೂ ಅರಿಯದ ತತ್ವವನ್ನು ಅರಿತು ಲೋಕವನ್ನು ಬೆರಗುಗೊಳಿಸಿದವರು ಒಂದು ಬಗೆ. ಲೋಕಕ್ಕೆ ಆಗಲೇ ತಿಳಿದಿದ್ದ ತತ್ವವನ್ನು ಸಾಮಾನ್ಯ ಜನರ ಮನೆಬಾಗಿಲಿಗೆ ತಂದು, ಅಲ್ಲಿ ಅದು ಬಾಳಿಕೆ ಬರುವಂತೆ ಮಾಡಲು ಆಯುಷ್ಯವನ್ನೇ ತೇಯ್ದವರು ಇನ್ನೊಂದು ಬಗೆ. ಮೊದಲನೆಯವರ ಹೆಸರು ಶಾಲಾ ಪುಸ್ತಕಗಳಲ್ಲಿ ಉಳಿಯುತ್ತದೆ. ಎರಡನೆಯವರ ಶ್ರಮ ಜನರ ಬದುಕಿನಲ್ಲಿ ಉಳಿಯುತ್ತದೆ. ಡೆನ್ಮಾರ್ಕ್ ದೇಶದ ಪೌಲ್ ಲಾ ಕೂರ್ ಈ ಎರಡನೆಯ ಪಂಕ್ತಿಗೆ ಸೇರಿದವರು. ಗಾಳಿಯ ಬಲದಿಂದ ವಿದ್ಯುತ್ತನ್ನು, ಆ ವಿದ್ಯುತ್ತಿನಿಂದ ನೀರನ್ನೊಡೆದು ಜಲಜನಕವನ್ನು, ಆ ಜಲಜನಕದಿಂದ ತಮ್ಮ ಶಾಲೆಗೆ ಬೆಳಕನ್ನು ಪಡೆದ ಈ ಮಹಾನುಭಾವರು ವೃತ್ತಿಯಿಂದ ಕಾರ್ಖಾನೆಯ ಒಡೆಯರಲ್ಲ, ಹಳ್ಳಿಯ ವಿದ್ಯಾಲಯವೊಂದರ ಉಪಾಧ್ಯಾಯರು.

ಲಾ ಕೂರ್ ಅವರು 1846ನೆಯ ಇಸವಿ ಏಪ್ರಿಲ್ 13ರಂದು ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪ್ರಾಂತದಲ್ಲಿ, ಎಬೆಲ್‌ಟಾಫ್ಟ್ ಎಂಬ ಊರಿನ ಸಮೀಪದ ಒಕ್ಕಲು ಮನೆತನವೊಂದರಲ್ಲಿ ಜನಿಸಿದರು. ಮೂರು ದಿಕ್ಕಿನಲ್ಲಿ ಸಮುದ್ರ, ಸಮತಟ್ಟಾದ ಭೂಮಿ, ವರ್ಷದ ಬಹುಭಾಗ ಬಿಡದೆ ಬೀಸುವ ಗಾಳಿ — ಇದು ಅವರು ಕಣ್ಣುಬಿಟ್ಟ ನಾಡು. ಹೊಲದ ಕೆಲಸ, ಹವೆಯ ಏರುಪೇರು, ಬೀಸುವ ಗಿರಣಿ ಇವೆಲ್ಲವೂ ಅವರಿಗೆ ಬಾಲ್ಯದಿಂದಲೇ ಪರಿಚಿತವಾಗಿದ್ದವು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1869ರಲ್ಲಿ ಹವಾಮಾನಶಾಸ್ತ್ರದಲ್ಲಿ ಪದವಿಯನ್ನು ಪಡೆದರು. 1872ರಲ್ಲಿ ಡೆನ್ಮಾರ್ಕಿನ ಹವಾಮಾನ ಸಂಸ್ಥೆ ಸ್ಥಾಪಿತವಾದಾಗ ಅದರ ಉಪನಿರ್ದೇಶಕರಾದರು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಹವೆಯ ವರದಿಗಳು ದೂರದ ಊರುಗಳಿಂದ ತಂತಿಯ ಮೂಲಕ ಬರುತ್ತಿದ್ದ ಕಾಲವದು. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹಲವು ಸಂದೇಶಗಳನ್ನು ಕಳುಹಿಸುವುದು ಹೇಗೆಂಬ ಪ್ರಶ್ನೆ ತರುಣ ಲಾ ಕೂರ್ ಅವರನ್ನು ಸೆಳೆಯಿತು. ಬೇರೆ ಬೇರೆ ಸ್ವರದ ಶ್ರುತಿಕವೆಗಳನ್ನು ಬಳಸಿ, ಒಂದೊಂದು ಸ್ವರ ಒಂದೊಂದು ಸಂದೇಶವನ್ನು ಹೊರುವಂತೆ ಮಾಡುವ ತಂತಿವ್ಯವಸ್ಥೆಯನ್ನು ಅವರು 1874ರ ವೇಳೆಗೆ ರೂಪಿಸಿದರು. ಅದೇ ಕಾಲಕ್ಕೆ ಅಮೆರಿಕದ ಎಲಿಷಾ ಗ್ರೇ ಅವರೂ ಅದೇ ದಾರಿಯಲ್ಲಿ ನಡೆಯುತ್ತಿದ್ದರು. ಅನಂತರ ಲಾ ಕೂರ್ ಅವರು ನಾದಚಕ್ರವೆಂಬ ಯಂತ್ರವನ್ನು ನಿರ್ಮಿಸಿದರು. ಶ್ರುತಿಕವೆಯ ಕಂಪನಕ್ಕೆ ಸರಿಯಾಗಿ, ಕಿಂಚಿತ್ತೂ ಹಿಂದುಮುಂದಾಗದೆ ತಿರುಗುವ ಚಕ್ರವದು. ಅದರ ವಿವರವನ್ನೊಳಗೊಂಡ ಅವರ ಪುಸ್ತಕ 1878ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಮುಂದೆ ಅಮೆರಿಕದ ಪ್ಯಾಟ್ರಿಕ್ ಡೆಲಾನಿ ಎಂಬವರು ತಮ್ಮ ಬಹುಸಂದೇಶ ತಂತಿವ್ಯವಸ್ಥೆಗೆ ಇದೇ ಚಕ್ರವನ್ನು ಆಧಾರವಾಗಿ ಮಾಡಿಕೊಂಡರು. ದೇಶಬಾಂಧವರು ಲಾ ಕೂರ್ ಅವರನ್ನು ಡೆನ್ಮಾರ್ಕಿನ ಎಡಿಸನ್ ಎಂದು ಕರೆದದ್ದು ಸುಮ್ಮನೆ ಅಲ್ಲ.

ರಾಜಧಾನಿಯಲ್ಲಿ ಹುದ್ದೆ, ವಿದೇಶಗಳಲ್ಲಿ ಕೀರ್ತಿ ಎರಡೂ ಕೈಗೆ ಬಂದಿದ್ದಾಗಲೇ ಅವರ ಬಾಳು ಮತ್ತೊಂದು ದಿಕ್ಕಿಗೆ ತಿರುಗಿತು. 1878ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ಕೋಪನ್‌ಹೇಗನ್ನನ್ನು ಬಿಟ್ಟು ಜಟ್‌ಲ್ಯಾಂಡಿನ ಆಸ್ಕೋವ್ ಎಂಬ ಹಳ್ಳಿಗೆ ಉಪಾಧ್ಯಾಯರಾಗಿ ಬಂದರು. ಈ ನಿರ್ಧಾರದ ಅರ್ಥವಾಗಬೇಕಾದರೆ ಆಸ್ಕೋವ್ ವಿದ್ಯಾಲಯದ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಪ್ರಷ್ಯ ಮತ್ತು ಆಸ್ಟ್ರಿಯಗಳಿಗೆ ಸೋತು ತನ್ನ ದಕ್ಷಿಣದ ಪ್ರಾಂತಗಳನ್ನು ಕಳೆದುಕೊಂಡಿತು. 1844ರಲ್ಲಿ ರೋಡಿಂಗ್ ಎಂಬಲ್ಲಿ ಆರಂಭವಾಗಿದ್ದ, ಆ ದೇಶದ ಮೊತ್ತಮೊದಲ ಜನತಾ ವಿದ್ಯಾಲಯ ಪರಾಧೀನವಾದ ನೆಲದಲ್ಲಿ ಸಿಕ್ಕಿಕೊಂಡಿತು. ಆಗ ಲುಡ್ವಿಗ್ ಶ್ರೋಡರ್ ಅವರ ಮುಂದಾಳುತನದಲ್ಲಿ, ಹೊಸ ಗಡಿಯ ಈಚೆಗೆ, 1865ರಲ್ಲಿ ಆಸ್ಕೋವ್ ವಿದ್ಯಾಲಯ ತಲೆಯೆತ್ತಿತು. ಗ್ರುಂಡ್ಟ್‌ವಿಗ್ ಎಂಬ ಧರ್ಮಚಿಂತಕರ ಬೋಧನೆಯಿಂದ ಹುಟ್ಟಿದ ಈ ವಿದ್ಯಾಲಯಗಳಲ್ಲಿ ಪರೀಕ್ಷೆಗಳಿರಲಿಲ್ಲ, ಪ್ರಮಾಣಪತ್ರಗಳ ಹಂಬಲವಿರಲಿಲ್ಲ. ರೈತಾಪಿ ಮನೆತನಗಳ ತರುಣರು ಬಂದು, ಗುರುಗಳೊಡನೆ ಒಂದೇ ಆವರಣದಲ್ಲಿದ್ದು, ಮಾತು ಮತ್ತು ಮನನಗಳಿಂದ ಕಲಿತು ಮತ್ತೆ ತಮ್ಮ ಊರುಗಳಿಗೆ ಹಿಂದಿರುಗುತ್ತಿದ್ದರು. ನೆಲವನ್ನು ಕಳೆದುಕೊಂಡ ನಾಡು ಜನರ ಅರಿವನ್ನು ಬೆಳೆಸಿ ಆ ನಷ್ಟವನ್ನು ತುಂಬಿಕೊಳ್ಳಬೇಕೆಂಬ ಹಟ ಅದರ ಹಿಂದಿತ್ತು. 1878ರಲ್ಲಿ ಆಸ್ಕೋವ್‌ನಲ್ಲಿ ಉನ್ನತ ತರಗತಿಗಳನ್ನು ತೆರೆದಾಗ ಗಣಿತ ಮತ್ತು ಭೌತವಿಜ್ಞಾನಗಳ ಹೊಣೆಯನ್ನು ಹೊತ್ತವರು ಲಾ ಕೂರ್.

ಅವರ ಬೋಧನೆಯ ಕ್ರಮ ವಿಶಿಷ್ಟವಾಗಿತ್ತು. ಸೂತ್ರವನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದನ್ನು ಅವರು ಒಪ್ಪಲಿಲ್ಲ. ಒಂದು ಸತ್ಯವನ್ನು ಮಾನವ ಮೊದಲು ಯಾವ ಅಗತ್ಯದಿಂದ ಹುಡುಕಿದ, ಎಲ್ಲಿ ಎಡವಿದ, ಹೇಗೆ ಕಂಡುಕೊಂಡ ಎಂಬ ಕಥೆಯ ದಾರಿಯಲ್ಲೇ ವಿದ್ಯಾರ್ಥಿಯನ್ನು ನಡೆಸಿಕೊಂಡು ಹೋಗುವುದು ಅವರ ಪದ್ಧತಿ. ಈ ಕ್ರಮದಲ್ಲಿ ಬರೆದ ಅವರ ಗಣಿತದ ಚಾರಿತ್ರಿಕ ಗ್ರಂಥ 1881ರಲ್ಲಿ ಹೊರಬಂದಿತು. ಭೌತವಿಜ್ಞಾನದ ಚಾರಿತ್ರಿಕ ಗ್ರಂಥವನ್ನು ಅವರು ಸಹೋದ್ಯೋಗಿ ಜೇಕಬ್ ಆಪೆಲ್ ಅವರೊಡನೆ ರಚಿಸಿದರು. ಈ ಆಪೆಲ್ ಅವರೇ ಮುಂದೆ ಆಸ್ಕೋವ್ ವಿದ್ಯಾಲಯದ ಮುಖ್ಯಸ್ಥರಾಗಿ, ದೇಶದ ವಿದ್ಯಾಮಂತ್ರಿಗಳೂ ಆದರು. ಮೇಲಿನಿಂದ ಬಳಿದ ವಿದ್ಯೆ ಉದುರಿಹೋಗುತ್ತದೆ, ಬುಡದಿಂದ ಬೆಳೆದ ವಿದ್ಯೆ ಉಳಿಯುತ್ತದೆ ಎಂಬುದಕ್ಕೆ ಅವರ ತರಗತಿಗಳೇ ನಿದರ್ಶನವಾಗಿದ್ದವು.

ಹತ್ತು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಯ ತರುಣರ ನಡುವೆ ಬಾಳಿದ ಲಾ ಕೂರ್ ಅವರಿಗೆ ಒಂದು ಚಿಂತೆ ಕಾಡತೊಡಗಿತು. ಉಗಿಯಂತ್ರ, ವಿದ್ಯುದ್ದೀಪ, ಕಾರ್ಖಾನೆ ಎಲ್ಲವೂ ಪಟ್ಟಣಗಳ ಪಾಲಾಗುತ್ತಿದ್ದವು. ಅವನ್ನು ಅರಸಿ ಹಳ್ಳಿಯ ಜನ ಊರು ಬಿಡುತ್ತಿದ್ದರು. ಡೆನ್ಮಾರ್ಕಿನ ನೆಲದಲ್ಲಿ ಹೇಳಿಕೊಳ್ಳುವಷ್ಟು ಕಲ್ಲಿದ್ದಲಿಲ್ಲ; ವಿದ್ಯುತ್ತಿಗೆ ಒದಗುವ ದೊಡ್ಡ ಜಲಪಾತಗಳಿಲ್ಲ. ಇರುವುದೊಂದೇ, ಗಾಳಿ. ಆದರೆ ಗಾಳಿಯ ಗುಣವೇ ಅಸ್ಥಿರ. ಬೇಕೆಂದಾಗ ಬೀಸದು, ಬೇಡವೆಂದಾಗ ನಿಲ್ಲದು. ಬೀಸಿದ ದಿನದ ಬಲವನ್ನು ಬೀಸದ ದಿನಕ್ಕೆ ಕೂಡಿಡಬಲ್ಲ ಉಪಾಯವೊಂದು ದೊರೆತರೆ ಹಳ್ಳಿ ತನ್ನ ಬೆಳಕನ್ನು ತಾನೇ ಪಡೆಯಬಹುದು. ಈ ವಿಚಾರವನ್ನು ಸರ್ಕಾರದ ಮುಂದಿಟ್ಟು, ಧನಸಹಾಯ ಪಡೆದು, 1891ರಲ್ಲಿ ಅವರು ಆಸ್ಕೋವ್‌ನಲ್ಲಿ ಮೊದಲ ಪ್ರಯೋಗ ಗಿರಣಿಯನ್ನು ನಿಲ್ಲಿಸಿದರು.

ಮೊದಲ ತೊಡಕು ಡೈನಮೊದ ವೇಗವನ್ನು ಹಿಡಿದಿಡುವುದು. ಗಾಳಿ ಏರಿದರೆ ಡೈನಮೊ ಹುಚ್ಚೆದ್ದು ತಿರುಗುವುದು. ಇಳಿದರೆ ವಿದ್ಯುತ್ತೇ ಇಲ್ಲ. ಲಾ ಕೂರ್ ಅವರು ತೂಕದ ಗುಂಡು ಮತ್ತು ಪಟ್ಟಿಗಳ ಸರಳ ಜೋಡಣೆಯಿಂದ ಇದಕ್ಕೆ ಪರಿಹಾರ ಕಂಡರು. ಗಾಳಿಯ ಎಳೆತ ಒಂದು ಮಿತಿಯನ್ನು ಮೀರಿದೊಡನೆ ಪಟ್ಟಿ ತಾನಾಗಿ ಜಾರಿ, ಹೆಚ್ಚಿನ ಬಲ ಡೈನಮೊವನ್ನು ಮುಟ್ಟದಂತೆ ತಡೆಯುತ್ತಿತ್ತು. ಇದಕ್ಕೆ ಕ್ರಾಟೋಸ್ಟಾಟ್ ಎಂದು ಹೆಸರಿಟ್ಟರು. ಹಳ್ಳಿಯ ಕಮ್ಮಾರನೂ ಬಡಗಿಯೂ ಕೂಡಿ ಮಾಡಬಹುದಾದ, ಕೆಟ್ಟರೆ ತಾವೇ ಸರಿಪಡಿಸಿಕೊಳ್ಳಬಹುದಾದ ಸಾಧನವದು.

ಎರಡನೆಯ ತೊಡಕು ಶೇಖರಣೆ. ಆ ಕಾಲದ ಸೀಸದ ವಿದ್ಯುತ್ಕೋಶಗಳು ದುಬಾರಿ. ಆದ್ದರಿಂದ ಲಾ ಕೂರ್ ಅವರು ನೀರಿನ ವಿದ್ಯುದ್ವಿಭಜನೆಯತ್ತ ತಿರುಗಿದರು. ವಿದ್ಯುತ್ತನ್ನು ಹಾಯಿಸಿ ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯಬಹುದೆಂದು 1800ರಲ್ಲೇ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ತೋರಿಸಿದ್ದರು. ಅವರ ಪ್ರಯೋಗದಲ್ಲೇ ಮುಂದಿನ ಇನ್ನೂರು ವರ್ಷಗಳ ಸಮಸ್ಯೆಯ ಬೀಜವೂ ಅಡಗಿತ್ತು. ಹಿತ್ತಾಳೆಯ ತಂತಿಗಳನ್ನು ನೀರಿಗಿಳಿಸಿದಾಗ ಒಂದು ತುದಿಯಲ್ಲಿ ಜಲಜನಕದ ಗುಳ್ಳೆಗಳೆದ್ದವು. ಇನ್ನೊಂದು ತುದಿಯಲ್ಲಿ ಆಮ್ಲಜನಕ ಹೊರಬರುವ ಬದಲು ತಂತಿಯನ್ನೇ ತಿಂದುಹಾಕಿತು. ಪ್ಲಾಟಿನಮ್ ತಂತಿಯನ್ನು ಬಳಸಿದ ಮೇಲಷ್ಟೇ ಎರಡು ಅನಿಲಗಳೂ ಶುದ್ಧವಾಗಿ ದೊರೆತವು. ದ್ರವದೊಳಗೆ ವಿದ್ಯುತ್ತನ್ನು ಸಾಗಿಸುವ ಈ ಲೋಹದ ತುದಿಗಳೇ ವಿದ್ಯುದಗ್ರಗಳು. ಬಾಳಿಕೆ ಬರುವ ಲೋಹ ಕೈಗೆಟುಕದು. ಕೈಗೆಟುಕುವ ಲೋಹ ಬಾಳಿಕೆ ಬಾರದು. ಪ್ರಯೋಗಶಾಲೆಯಲ್ಲಿ ಒಂದು ಗಳಿಗೆ ನಡೆಯುವ ವಿಸ್ಮಯವನ್ನು ಹಳ್ಳಿಯ ಶಾಲೆಯಲ್ಲಿ ವರ್ಷಗಟ್ಟಲೆ ನಡೆಸುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು.

ಇದಕ್ಕೆ ನೆರವಾದವರು ಇಟಲಿಯ ಪೊಂಪೆಯೊ ಗರೂತಿ. ಗರೂತಿಯವರು ರೂಪಿಸಿದ ವಿಭಜನ ಸಾಧನವನ್ನೇ ಲಾ ಕೂರ್ ಅವರು ಆಸ್ಕೋವ್‌ನಲ್ಲಿ ಅಳವಡಿಸಿಕೊಂಡರು. ಆ ಸಾಧನದ ಪ್ರಸಿದ್ಧ ರೂಪದಲ್ಲಿ ಪ್ಲಾಟಿನಮ್ಮಿನ ಸುಳಿವೇ ಇಲ್ಲ. ತೊಟ್ಟಿ ಕಬ್ಬಿಣದ್ದು, ವಿದ್ಯುದಗ್ರಗಳು ಕಬ್ಬಿಣದ ತಗಡುಗಳು, ಒಳಗಿನ ದ್ರವ ಕ್ಷಾರದ ದ್ರಾವಣ. ಆಮ್ಲದಲ್ಲಿ ಬಹುಬೇಗ ಕರಗಿಹೋಗುವ ಕಬ್ಬಿಣ ಪ್ರಬಲವಾದ ಕ್ಷಾರದಲ್ಲಿ ತಾಳಿಕೊಳ್ಳುತ್ತದೆ. ಏಕೆಂದರೆ ಕ್ಷಾರದಲ್ಲಿ ಅದರ ಮೈಮೇಲೆ ತೆಳುವಾದ ಆಕ್ಸೈಡಿನ ಪೊರೆಯೊಂದು ಬೆಳೆದು, ಕೆಳಗಿನ ಲೋಹಕ್ಕೆ ಹೊದಿಕೆಯಾಗಿ ಕಾಯುತ್ತದೆ. ಅಗ್ಗದ ಲೋಹವೊಂದು ತನ್ನ ಮೇಲೆ ತಾನೇ ಹೊದಿಸಿಕೊಳ್ಳುವ ಈ ಲೇಪವೇ ಕ್ಷಾರೀಯ ವಿದ್ಯುದ್ವಿಭಜನೆಯ ಇಡೀ ಉದ್ಯಮಕ್ಕೆ ಬುನಾದಿ.

ಆದರೆ ಅಗ್ಗದ ಸಾಧನಕ್ಕೆ ಅದರದೇ ಆದ ಬೆಲೆಯಿರುತ್ತದೆ. ಗರೂತಿ ಸಾಧನದಲ್ಲಿ ಎರಡು ಅನಿಲಗಳನ್ನು ಬೇರ್ಪಡಿಸುವ ನಡುಗೋಡೆಯೂ ಲೋಹದ ತಗಡೇ ಆಗಿತ್ತು. ವಿದ್ಯುತ್ತಿನ ಒತ್ತಡ ಮಿತಿಯೊಳಗಿರುವವರೆಗೆ ಅದು ಬರಿಯ ಗೋಡೆ. ಒತ್ತಡ ಮಿತಿಮೀರಿದರೆ ಆ ಗೋಡೆಯೇ ವಿದ್ಯುದಗ್ರವಾಗಿ, ಅದರ ಎರಡು ಬದಿಗಳಲ್ಲೂ ತಪ್ಪಾದ ಅನಿಲ ಹೊರಡುತ್ತದೆ. ಜಲಜನಕದ ಪಾಲಿಗೆ ಆಮ್ಲಜನಕ ಸೇರುವುದೆಂದರೆ ಮದ್ದಿನ ಮನೆಗೆ ಕಿಡಿ ಸೇರಿದಂತೆ. ಗಾಳಿಯೊಂದಿಗೆ ಬೆರೆತಾಗ ನೂರರಲ್ಲಿ 4 ಪಾಲಿನಿಂದ 75 ಪಾಲಿನವರೆಗೆ ಜಲಜನಕವಿದ್ದರೂ ಆ ಮಿಶ್ರಣ ಹೊತ್ತಿಕೊಳ್ಳಬಲ್ಲುದು. ಆಸ್ಕೋವ್‌ನಲ್ಲಿ ಈ ಅಪಾಯ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಜಲಜನಕದಲ್ಲಿ ಸ್ವಲ್ಪ ಆಮ್ಲಜನಕ ಬೆರೆತು ಸಿಡಿದ ಕಾರಣ ಶಾಲೆಯ ಹಲವು ಕಟ್ಟಡಗಳ ಕಿಟಕಿ ಗಾಜುಗಳು ಒಂದಲ್ಲ, ಹಲವು ಬಾರಿ ಒಡೆದುಹೋದವು. ಅವನ್ನೆಲ್ಲ ಲಾ ಕೂರ್ ಅವರು ಮತ್ತೆ ಹಾಕಿಸಬೇಕಾಯಿತು.

ಗಾಜು ಒಡೆದ ದಿನ ಪ್ರಯೋಗವನ್ನು ಕೈಬಿಡುವುದು ಸುಲಭವಿತ್ತು. ಮಕ್ಕಳಂತೆ ಕಾಪಾಡಬೇಕಾದ ವಿದ್ಯಾರ್ಥಿಗಳು ಅಲ್ಲೇ ಓಡಾಡುತ್ತಿದ್ದರು. ಸರ್ಕಾರದ ಹಣ ಖರ್ಚಾಗುತ್ತಿತ್ತು. ಆದರೂ ಅವರು ಹಿಮ್ಮೆಟ್ಟಲಿಲ್ಲ. 1895ರಿಂದ 1902ರವರೆಗೆ, ಏಳು ವರ್ಷಗಳ ಕಾಲ, ಆಸ್ಕೋವ್ ವಿದ್ಯಾಲಯ ಗಾಳಿಯಿಂದ ದೊರೆತ ಜಲಜನಕದ ದೀಪಗಳಿಂದ ಬೆಳಗಿತು. ಗಾಳಿ ಬೀಸಿದ ದಿನ ಅನಿಲವನ್ನು ತೊಟ್ಟಿಯಲ್ಲಿ ಕೂಡಿಟ್ಟು, ಸಂಜೆಗತ್ತಲಲ್ಲಿ ಕೊಳವೆಗಳ ಮೂಲಕ ಕೊಠಡಿಗಳಿಗೆ ಹಾಯಿಸುತ್ತಿದ್ದರು. ಶುದ್ಧ ಜಲಜನಕದ ಜ್ವಾಲೆ ಬಿಸಿಯಾಗಿದ್ದರೂ ಕಣ್ಣಿಗೆ ಕಾಣದಷ್ಟು ಮಂಕು. ಆ ಬಿಸಿಯಿಂದ ಕಾದು ಬೆಳಗುವ ಘನವಸ್ತುವೊಂದು ನಡುವೆ ಇದ್ದರೆ ಮಾತ್ರ ಓದಲು ಬೇಕಾದ ಬೆಳಕು ದೊರೆಯುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಕಳೆಯುತ್ತಲೇ ಕತ್ತಲಾಗುವ ಆ ನಾಡಿನಲ್ಲಿ ರೈತರ ಮಕ್ಕಳು ಗಾಳಿಯ ಬೆಳಕಿನಲ್ಲಿ ಪುಸ್ತಕ ಬಿಡಿಸಿದರು.

ಇದೇ ವರ್ಷಗಳಲ್ಲಿ ಅವರು ಗಿರಣಿಯ ರೆಕ್ಕೆಗಳನ್ನೂ ಶೋಧನೆಗೆ ಒಳಪಡಿಸಿದರು. ಕೃತಕವಾಗಿ ಗಾಳಿಯನ್ನು ಹಾಯಿಸುವ ಕೊಳವೆಗಳನ್ನು ಕಟ್ಟಿ, ಸಣ್ಣ ಸಣ್ಣ ರೆಕ್ಕೆಗಳನ್ನು ಅವುಗಳೊಳಗೆ ನಿಲ್ಲಿಸಿ ಅಳತೆ ಮಾಡಿದರು. ರೆಕ್ಕೆಗಳು ಹೆಚ್ಚಾದಷ್ಟೂ ಬಲ ಹೆಚ್ಚೆಂಬ ರೂಢಿಯ ನಂಬಿಕೆ ಸರಿಯಲ್ಲವೆಂದೂ, ವಿದ್ಯುದುತ್ಪಾದನೆಗೆ ಕೆಲವೇ ರೆಕ್ಕೆಗಳುಳ್ಳ, ವೇಗವಾಗಿ ತಿರುಗುವ ಗಿರಣಿಯೇ ಮೇಲೆಂದೂ ಕಂಡುಕೊಂಡರು. 1897ರಲ್ಲಿ ಇನ್ನೂ ದೊಡ್ಡದಾದ ಗಿರಣಿಯನ್ನು ಕಟ್ಟಿದರು. ಈ ಪ್ರಯೋಗಗಳ ವಿವರಗಳನ್ನೊಳಗೊಂಡ ಅವರ ಗ್ರಂಥದ ಭಾಗಗಳು 1900 ಮತ್ತು 1903ರಲ್ಲಿ ಪ್ರಕಟವಾದವು. ತಾವು ಕಂಡದ್ದನ್ನು ಗುಟ್ಟಾಗಿಡದೆ ಎಲ್ಲರ ಮುಂದಿಡುವುದು ಉಪಾಧ್ಯಾಯರ ಸಹಜ ಗುಣವಷ್ಟೆ.

1902ರಲ್ಲಿ ಜಲಜನಕದ ದೀಪಗಳು ಆರಿ, ಅವುಗಳ ಸ್ಥಾನಕ್ಕೆ ವಿದ್ಯುದ್ದೀಪಗಳು ಬಂದವು. ಅಷ್ಟು ಹೊತ್ತಿಗೆ ವಿದ್ಯುತ್ಕೋಶಗಳು ಸುಧಾರಿಸಿದ್ದವು. ವಿದ್ಯುತ್ತನ್ನು ಅನಿಲವಾಗಿಸಿ ಮತ್ತೆ ಬೆಳಕಾಗಿಸುವ ಸುತ್ತುದಾರಿಗಿಂತ ನೇರವಾಗಿ ದೀಪಕ್ಕೆ ಹಾಯಿಸುವುದು ಲಾಭಕರವಾಗಿತ್ತು. ತಾವೇ ಹತ್ತು ವರ್ಷ ಸಾಕಿ ಬೆಳೆಸಿದ ಪದ್ಧತಿಯನ್ನು ಲಾ ಕೂರ್ ಅವರು ಮೋಹವಿಲ್ಲದೆ ಬಿಟ್ಟುಕೊಟ್ಟರು. ಅವರಿಗೆ ಬೇಕಾಗಿದ್ದುದು ಜಲಜನಕವಲ್ಲ, ಹಳ್ಳಿಯ ಬೆಳಕು. ಗುರಿಯನ್ನೂ ಸಾಧನವನ್ನೂ ಒಂದೆಂದು ಭ್ರಮಿಸದ ಈ ವಿವೇಕ ಸಂಶೋಧಕರಲ್ಲಿ ವಿರಳ.

1903ರಲ್ಲಿ ಅವರ ನೇತೃತ್ವದಲ್ಲಿ ಡೆನ್ಮಾರ್ಕಿನ ಪವನವಿದ್ಯುತ್ ಸಂಘ ಸ್ಥಾಪನೆಯಾಯಿತು. ಮರುವರ್ಷ ಆಸ್ಕೋವ್‌ನಲ್ಲಿ ಗ್ರಾಮೀಣ ವಿದ್ಯುತ್ ಕೆಲಸಗಾರರ ತರಬೇತಿ ಆರಂಭವಾಯಿತು. ರೈತರ ಮಕ್ಕಳು ಬಂದು, ಡೈನಮೊ ಕಟ್ಟುವುದನ್ನು, ತಂತಿ ಎಳೆಯುವುದನ್ನು, ಗಿರಣಿ ನಡೆಸುವುದನ್ನು ಕಲಿತು ತಮ್ಮ ಊರುಗಳಿಗೆ ಬೆಳಕು ಹೊತ್ತು ಹೋದರು. ಆ ವಿದ್ಯಾರ್ಥಿಗಳ ಸಾಲಿನಲ್ಲಿ ಜೋಹಾನ್ನೆಸ್ ಯೂಲ್ ಎಂಬ ಹದಿಹರೆಯದ ತರುಣನೂ ಇದ್ದ. ಅರ್ಧ ಶತಮಾನದ ಬಳಿಕ, 1957ರಲ್ಲಿ, ಆ ಯೂಲ್ ಅವರೇ ಗೆಡ್ಸರ್ ಎಂಬಲ್ಲಿ 200 ಕಿಲೊವ್ಯಾಟ್ ಸಾಮರ್ಥ್ಯದ, ಮೂರು ರೆಕ್ಕೆಗಳ ಗಾಳಿಯಂತ್ರವನ್ನು ನಿಲ್ಲಿಸಿದರು. ಇಂದು ಜಗತ್ತಿನಾದ್ಯಂತ ಕಾಣುವ ಮೂರು ರೆಕ್ಕೆಯ ಯಂತ್ರಗಳ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಅಲ್ಲಿಂದ ಆಸ್ಕೋವ್‌ನ ತರಗತಿಗೆ ಒಂದೇ ಹೆಜ್ಜೆ.

1908ನೆಯ ಇಸವಿ ಏಪ್ರಿಲ್ 24ರಂದು, ತಮ್ಮ ಅರವತ್ತೆರಡನೆಯ ಜನ್ಮದಿನ ಕಳೆದು ಹನ್ನೊಂದು ದಿನಗಳಲ್ಲಿ, ಲಾ ಕೂರ್ ಅವರು ಕಾಲವಶರಾದರು. ಅವರು ಬಿತ್ತಿದ್ದು ಅವರ ನಂತರ ಫಲಿಸಿತು. ಮೊದಲ ಮಹಾಯುದ್ಧದಲ್ಲಿ ಇಂಧನದ ಅಭಾವ ತಲೆದೋರಿದಾಗ ಹಳ್ಳಿಯ ಗಿರಣಿಗಳು ನಾಡಿನ ಕೈಹಿಡಿದವು. 1918ರ ವೇಳೆಗೆ ಡೆನ್ಮಾರ್ಕಿನಲ್ಲಿ ಸುಮಾರು 120 ಸ್ಥಳೀಯ ವಿದ್ಯುತ್ ಕೇಂದ್ರಗಳಲ್ಲಿ ಗಾಳಿಯಂತ್ರಗಳಿದ್ದವು. ಒಂದೊಂದರ ಸಾಮರ್ಥ್ಯ ಸಾಮಾನ್ಯವಾಗಿ 20ರಿಂದ 35 ಕಿಲೊವ್ಯಾಟ್.

ಜಲಜನಕದ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಅಗ್ಗದ ಲೋಹ ಮತ್ತು ಕ್ಷಾರದ ದ್ರಾವಣ ಎಂಬ ಆ ಜೋಡಿಯೇ ಮುಂದೆ ದೊಡ್ಡ ಕಾರ್ಖಾನೆಗಳನ್ನು ನಡೆಸಿತು. ಜಲಪಾತಗಳ ವಿದ್ಯುತ್ತು ಯಥೇಚ್ಛವಾಗಿದ್ದ ನಾರ್ವೆಯ ವೆಮೊರ್ಕ್‌ನಲ್ಲಿ 1920ರ ದಶಕದ ಕೊನೆಗೆ, ಭಾಕ್ರಾ ಅಣೆಕಟ್ಟೆಯ ವಿದ್ಯುತ್ತನ್ನು ಬಳಸಿದ ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲಿ, ಗೊಬ್ಬರಕ್ಕೆ ಬೇಕಾದ ಜಲಜನಕವನ್ನು ನೀರಿನಿಂದಲೇ ಪಡೆದರು. ಕಬ್ಬಿಣಕ್ಕಿರುವ ಒಂದು ಕುಂದನ್ನು ಈ ಉದ್ಯಮ ಬೇಗನೆ ಕಂಡುಕೊಂಡಿತು. ಆಮ್ಲಜನಕ ಹೊರಡುವ ಧನಾಗ್ರದಲ್ಲಿ ಬರಿಯ ಕಬ್ಬಿಣ ವರ್ಷಗಳ ಮೇಲೆ ಸವೆಯುತ್ತದೆ. ಆದ್ದರಿಂದ ಉಕ್ಕಿನ ತಗಡಿನ ಮೇಲೆ ನಿಕ್ಕಲ್ಲಿನ ತೆಳು ಲೇಪವನ್ನು ಕೊಡುವ ರೂಢಿ ಬಂದಿತು. ನಿಕ್ಕಲ್ಲಿನ ಮೇಲೆ ಬೆಳೆಯುವ ಆಕ್ಸೈಡಿನ ಪೊರೆ ಎರಡು ಕೆಲಸ ಮಾಡುತ್ತದೆ. ಒಳಗಿನ ಲೋಹವನ್ನು ಕಾಯುತ್ತದೆ, ಆಮ್ಲಜನಕ ಹೊರಡುವ ಕ್ರಿಯೆಯನ್ನೂ ಸುಗಮಗೊಳಿಸುತ್ತದೆ. ನಿಕ್ಕಲ್ಲನ್ನು ಅಲ್ಯೂಮಿನಿಯಮ್ ಅಥವಾ ಸತುವಿನೊಡನೆ ಬೆರೆಸಿ ಲೇಪಿಸಿ, ಬಳಿಕ ಆ ಎರಡನೆಯ ಲೋಹವನ್ನು ಕ್ಷಾರದಲ್ಲಿ ಕರಗಿಸಿಬಿಟ್ಟರೆ ಜೇನುಗೂಡಿನಂತೆ ರಂಧ್ರಮಯವಾದ ಮೈ ಉಳಿಯುತ್ತದೆ. ಅಮೆರಿಕದ ಮರ್ರೆ ರೇನಿ ಅವರು 1920ರ ದಶಕದಲ್ಲಿ ಬೇರೊಂದು ಉದ್ದೇಶಕ್ಕಾಗಿ ಕಂಡುಹಿಡಿದ ಈ ಬಗೆಯ ನಿಕ್ಕಲ್, ಮುಂದೆ ಜಲಜನಕ ಹೊರಡುವ ಋಣಾಗ್ರಕ್ಕೆ ಅಗ್ಗದ ಉತ್ತಮ ಲೇಪವಾಯಿತು.

ಲೇಪದ ಮಹತ್ವ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ನೀರನ್ನು ಒಡೆಯಲು ಸಿದ್ಧಾಂತದ ಪ್ರಕಾರ ಕನಿಷ್ಠ 1.23 ವೋಲ್ಟ್ ಸಾಕು. ವ್ಯವಹಾರದಲ್ಲಿ ಸುಮಾರು 2 ವೋಲ್ಟ್ ಬೇಕಾಗುತ್ತದೆ. ಲೇಪ ಹಳತಾಗಿ ಈ ಒತ್ತಡ ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನಷ್ಟು ಏರಿದರೂ ಪ್ರತಿ ಕಿಲೋಗ್ರಾಂ ಜಲಜನಕಕ್ಕೆ ಸುಮಾರು 2.7 ಯೂನಿಟ್ ವಿದ್ಯುತ್ತು ಹೆಚ್ಚಾಗಿ ವ್ಯಯವಾಗುತ್ತದೆ. ವರ್ಷಗಟ್ಟಲೆ, ಸಾವಿರಾರು ಕಿಲೋಗ್ರಾಮಿಗೆ ಇದನ್ನು ಗುಣಿಸಿದರೆ ಅಗ್ಗವೆಂದು ಕೊಂಡ ಲೇಪ ಎಷ್ಟು ದುಬಾರಿಯಾಗಬಲ್ಲುದೆಂಬುದು ತಿಳಿಯುತ್ತದೆ. ಕೊಳ್ಳುವ ದಿನದ ಬೆಲೆಯಲ್ಲ, ಬಾಳಿದ ಗಂಟೆಗಳ ಬೆಲೆಯೇ ನಿಜವಾದ ಬೆಲೆ. ಚೆನ್ನಾಗಿ ನಡೆದ ಕ್ಷಾರೀಯ ಘಟಕಗಳು 60 ಸಾವಿರ ಗಂಟೆಗಳಿಗೂ ಮೀರಿ ಬಾಳಿರುವುದುಂಟು. ಆ ಬಾಳಿಕೆಯನ್ನು ಹೊಸ ಲೇಪಗಳೂ ತೋರಬೇಕಾಗಿದೆ.

ಆದರೆ ಜಲಪಾತದ ವಿದ್ಯುತ್ತು ಹಗಲಿರುಳು ಒಂದೇ ಸಮ. ಗಾಳಿಯ ವಿದ್ಯುತ್ತು ಹಾಗಲ್ಲ. ಲಾ ಕೂರ್ ಅವರು ಎದುರಿಸಿದ ಅದೇ ಚಂಚಲತೆ ಇಂದು ಲೇಪಗಳ ಪರಮವೈರಿಯಾಗಿದೆ. ಗಾಳಿ ನಿಂತು ಪ್ರವಾಹ ಕಡಿದೊಡನೆ ಘಟಕದೊಳಗೆ ಉಳಿದ ಜಲಜನಕ ಮತ್ತು ಆಮ್ಲಜನಕಗಳು ತಾವೇ ಒಂದು ವಿದ್ಯುತ್ಕೋಶದಂತೆ ವರ್ತಿಸಿ, ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸುತ್ತವೆ. ಋಣಾಗ್ರದ ಲೇಪ ಆಗ ಧನಾಗ್ರದ ಪಾಡನ್ನು ಅನುಭವಿಸಿ ಉತ್ಕರ್ಷಣಗೊಳ್ಳುತ್ತದೆ. ಗಾಳಿ ಮರಳಿದಾಗ ಮತ್ತೆ ಮೊದಲಿನ ಸ್ಥಿತಿಗೆ ಬರಬೇಕು. ನೂರಾರು ಬಾರಿ ಹೀಗಾದರೆ ಲೇಪ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಏಳುವ ಗುಳ್ಳೆಗಳ ಹೊಡೆತಕ್ಕೆ ಬಿರುಕು ಬಿಟ್ಟ ಭಾಗ ಕಳಚಿಬೀಳುತ್ತದೆ. ಎಡೆಬಿಡದೆ ದುಡಿದು ಸವೆಯುವುದಕ್ಕಿಂತ, ನಿಂತು ನಿಂತು ಹೊರಟು ಸವೆಯುವುದೇ ಹೆಚ್ಚು. ಆದ್ದರಿಂದ ಈ ಕಾಲದ ಸಂಶೋಧಕರು ಹೊಸ ಲೇಪವನ್ನು ಒರೆಗೆ ಹಚ್ಚುವಾಗ ಅದನ್ನು ನಿರಂತರವಾಗಿ ನಡೆಸಿ ನೋಡುವುದಷ್ಟೇ ಅಲ್ಲ, ಬೇಕೆಂದೇ ಮತ್ತೆ ಮತ್ತೆ ನಿಲ್ಲಿಸಿ, ಮತ್ತೆ ಮತ್ತೆ ಹೊರಡಿಸಿ ನೋಡುತ್ತಾರೆ. ನಿಂತ ವೇಳೆಯಲ್ಲೂ ಅಲ್ಪ ಪ್ರವಾಹವೊಂದನ್ನು ಹಾಯಿಸುತ್ತಾ ಲೇಪವನ್ನು ಕಾಪಾಡುವ ಉಪಾಯವೂ ಬಳಕೆಯಲ್ಲಿದೆ. ಅದು ಕ್ರಾಟೋಸ್ಟಾಟಿನ ದೂರದ ಬಂಧುವೇ ಸರಿ.

ದುಬಾರಿ ಲೋಹಗಳ ದಾರಿಯೂ ಇಲ್ಲದಿಲ್ಲ. ಆಮ್ಲೀಯ ಪೊರೆಯನ್ನು ಬಳಸುವ ಘಟಕಗಳು ಗಾಳಿಯ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಆದರೆ ಅವುಗಳ ಧನಾಗ್ರಕ್ಕೆ ಇರಿಡಿಯಮ್ ಬೇಕು. ಇಡೀ ಜಗತ್ತಿನಲ್ಲಿ ಒಂದು ವರ್ಷಕ್ಕೆ ದೊರೆಯುವ ಇರಿಡಿಯಮ್ ಸುಮಾರು 7–8 ಟನ್ ಮಾತ್ರ. ಭಾರತ ಸರ್ಕಾರ 2023ರ ಜನವರಿಯಲ್ಲಿ ಮಂಜೂರು ಮಾಡಿದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿಯನ್ನಿಟ್ಟಿದೆ. ಇಂಥ ಗುರಿಯ ಭಾರವನ್ನು ಅಷ್ಟು ವಿರಳವಾದ ಲೋಹವೊಂದರ ಮೇಲೆಯೇ ಹೊರಿಸಲಾಗದು. ಕಬ್ಬಿಣ, ನಿಕ್ಕಲ್‌ಗಳಂಥ ಸಾಮಾನ್ಯ ಲೋಹಗಳು ಹೆಗಲು ಕೊಡಲೇಬೇಕು. ಆಸ್ಕೋವ್‌ನ ಗಿರಣಿಯ ಅಡಿಯಲ್ಲಿ ನೂರಮೂವತ್ತು ವರ್ಷಗಳ ಹಿಂದೆ ಎದ್ದ ಪ್ರಶ್ನೆ, ಅಗ್ಗವಾದದ್ದು ಬಾಳಿಕೆಯೂ ಬರಬಲ್ಲುದೇ ಎಂಬ ಪ್ರಶ್ನೆ, ಹೀಗೆ ಮತ್ತೆ ಲೋಕದ ಮುಂದೆ ನಿಂತಿದೆ.

ಲಾ ಕೂರ್ ಅವರ ಪ್ರಯೋಗ ಗಿರಣಿಯಲ್ಲಿ ಇಂದು ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಡೆನ್ಮಾರ್ಕ್ ಈಗ ತನ್ನ ವಿದ್ಯುತ್ತಿನ ಅರ್ಧದಷ್ಟನ್ನು ಗಾಳಿಯಿಂದಲೇ ಪಡೆಯುತ್ತಿದೆ. ಇದನ್ನೆಲ್ಲ ಕಾಣಲು ಅವರು ಉಳಿಯಲಿಲ್ಲ. ಕಾಣುವೆನೆಂಬ ನಿರೀಕ್ಷೆಯಿಂದ ದುಡಿದವರೂ ಅಲ್ಲ. ಒಡೆದ ಗಾಜನ್ನು ಮತ್ತೆ ಹಾಕಿಸಿ, ಆರಿದ ದೀಪವನ್ನು ಮತ್ತೆ ಹೊತ್ತಿಸಿ, ಮರುದಿನ ಬೆಳಗ್ಗೆ ತರಗತಿಗೆ ಹೋಗಿ ಗಣಿತ ಹೇಳಿದವರು ಅವರು. ಲೋಹದ ಮೇಲಿನ ಲೇಪಕ್ಕೆ ಯಾವುದು ನಿಜವೋ ಮನುಷ್ಯನ ವಿದ್ಯೆಗೂ ಅದೇ ನಿಜ: ಹೊಸತರಲ್ಲಿ ಎಲ್ಲವೂ ಹೊಳೆಯುತ್ತದೆ, ಗಾಳಿ ನಿಂತು ಮತ್ತೆ ಬೀಸಿದಾಗ ಯಾವುದು ಕಳಚದೆ ಉಳಿಯಿತೆಂಬುದರಿಂದಲೇ ಅದರ ಬೆಲೆ ತಿಳಿಯುವುದು. ಆಸ್ಕೋವ್‌ನ ಆ ಗುರುಗಳು ತಮ್ಮ ವಿದ್ಯಾರ್ಥಿಗಳಲ್ಲಿ ಹಚ್ಚಿದ ಬೆಳಕು ಈ ಒರೆಯಲ್ಲಿ ಉಳಿದು ನಿಂತಿದೆ.